ಐದೂ ನಲವತ್ತರ ಗಾಳಿ

ಆ ಮೇ ತಿಂಗಳಲ್ಲಿ ನಾನು ದಿನಕ್ಕೆ ಎಷ್ಟು ಸಲ ಫೋನ್ ನೋಡುತ್ತಿದ್ದೆನೋ ನನಗೇ ಲೆಕ್ಕ ಸಿಗುವುದಿಲ್ಲ. ಹಲ್ಲುಜ್ಜುತ್ತಾ ನೋಡುತ್ತಿದ್ದೆ, ಸ್ಕೂಟರಿನಲ್ಲಿ ಸಿಗ್ನಲ್ ಕಾಯುತ್ತಾ ನೋಡುತ್ತಿದ್ದೆ, ಬಲಗೈಯಲ್ಲಿ ಸಾರನ್ನ ಕಲಸುತ್ತಾ ಎಡಗೈಯಲ್ಲಿ ನೋಡುತ್ತಿದ್ದೆ. ಯಾರದೋ ಮೆಸೇಜಿಗಾಗಿ ಅಲ್ಲ. ಮೂರು ಊರುಗಳ ನಲವತ್ತೆರಡು ಕೋಣೆಗಳಲ್ಲಿ ಆ ಹೊತ್ತಿಗೆ ಎಷ್ಟು ಸೆಕೆ ಇದೆ ಎಂದು ತಿಳಿಯುವುದಕ್ಕೆ. ನೋಡಿ ಮಾಡುವುದೇನೂ ಇರಲಿಲ್ಲ. ಆದರೂ ನೋಡದೆ ಹತ್ತು ನಿಮಿಷ ಕಳೆದರೆ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ನನ್ನ ಹೆಸರು ವೆಂಕಟಾಚಲ. ತುಮಕೂರಿನವನು. ಹದಿನೆಂಟು ವರ್ಷದಿಂದ ಗುಜರಾತಿನ ಒಂದು ತರಬೇತಿ ಸಂಸ್ಥೆಯಲ್ಲಿ ಎಸ್ಟೇಟ್ ವಿಭಾಗದ ಎಂಜಿನಿಯರ್. ಎಸ್ಟೇಟ್ ಎಂದರೆ ಕಾಫಿ ತೋಟವಲ್ಲ. ನಲ್ಲಿ ಸೋರಿದರೆ, ಲಿಫ್ಟ್ ನಿಂತರೆ, ಗೋಡೆಗೆ ಗೆದ್ದಲು ಹತ್ತಿದರೆ ಎಲ್ಲರೂ ಸೇರಿ ಬೈಯುವ ವಿಭಾಗ. ಮುಖ್ಯ ಕಚೇರಿ ಅಹಮದಾಬಾದಿನ ನವರಂಗಪುರದಲ್ಲಿದೆ. ವಡೋದರಾದಲ್ಲೊಂದು, ಸೂರತ್ತಿನಲ್ಲೊಂದು ಕ್ಯಾಂಪಸ್. ಏಪ್ರಿಲ್ ಕೊನೆಯಲ್ಲಿ ನಿರ್ದೇಶಕರು ನನ್ನನ್ನು ಕರೆದು, ಮೂರೂ ಕ್ಯಾಂಪಸ್ಸಿನ ಎಲ್ಲ ಕಟ್ಟಡಗಳಿಗೂ ವೈರ್ ಇಲ್ಲದ ಉಷ್ಣತೆಯ ಸೆನ್ಸರ್ ಹಾಕಬೇಕು, ಯಾವ ಕಂಪನಿಯದು ಎಂದು ನೀವೇ ಪರೀಕ್ಷೆ ಮಾಡಿ ಆರಿಸಿ ಎಂದರು. ಎಲ್ಲಿ ಎಸಿ ಸುಮ್ಮನೆ ಓಡುತ್ತಿದೆ, ಎಲ್ಲಿ ಜನ ಬೇಯುತ್ತಿದ್ದಾರೆ ಎಂಬುದು ಕುರ್ಚಿಯಲ್ಲಿ ಕೂತೇ ಗೊತ್ತಾಗಬೇಕಂತೆ. ಕುರ್ಚಿಯಲ್ಲಿ ಕೂತೇ ಎಂಬ ಮಾತು ನನಗೆ ಆಗ ಬಹಳ ಹಿಡಿಸಿತು.

ಮೂರು ಕಂಪನಿಗಳು ನಮೂನೆ ಕೊಟ್ಟವು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಬಿಳಿ ಡಬ್ಬಿಗಳು. ಗೋಡೆಗೆ ಕೊಕ್ಕೆ ಹೊಡೆದು ನೇತುಹಾಕಿದರೆ ಆಯಿತು, ಹತ್ತು ನಿಮಿಷಕ್ಕೊಮ್ಮೆ ಅಲ್ಲಿಯ ಉಷ್ಣತೆಯನ್ನು ರೇಡಿಯೋ ಅಲೆಯಲ್ಲಿ ಕಳಿಸುತ್ತವೆ. ಕಟ್ಟಡದಲ್ಲಿ ಒಂದು ಕಡೆ ಗೇಟ್‌ವೇ ಎಂಬ ಪೆಟ್ಟಿಗೆ ಇರುತ್ತದೆ. ಅದು ಎಲ್ಲ ಡಬ್ಬಿಗಳ ಮಾತನ್ನೂ ಕೂಡಿಸಿ ಇಂಟರ್ನೆಟ್ಟಿಗೆ ದಾಟಿಸುತ್ತದೆ, ಅಲ್ಲಿಂದ ನನ್ನ ಫೋನಿಗೆ. ಮೊದಲು ಪ್ರತಿ ಕಂಪನಿಯದೂ ಎರಡೆರಡನ್ನು ಚಾಂದ್‌ಖೇಡಾದ ನಮ್ಮ ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟೆ. ಆರೂ ಒಂದೇ ಸಂಖ್ಯೆ ಹೇಳುತ್ತವೆಯೇ ನೋಡಬೇಕಿತ್ತು.

ನನ್ನ ಹೆಂಡತಿ ವೈದೇಹಿ ಇಲ್ಲಿಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಬೆಳಿಗ್ಗೆ ಕೊತ್ತಂಬರಿ ಸೊಪ್ಪಿಗೆಂದು ಕೈ ಹಾಕಿದವಳು ಎರಡು ಡಬ್ಬಿಗಳನ್ನು ಹಿಡಿದುಕೊಂಡು ಬಂದಳು.

"ಏನ್ರೀ ಇದು, ಇಡ್ಲಿ ಹಿಟ್ಟಿನ ಪಾತ್ರೆ ಹಿಂದೆ?"

"ಮುಟ್ಟಬೇಡ್ವೇ, ಟೆಸ್ಟ್ ನಡೀತಿದೆ."

"ಒಳಗಡೆ ತಣ್ಣಗಿದೆ ಅಂತ ನಾನೇ ಹೇಳ್ತಿದ್ನಲ್ಲ" ಎಂದು ವಾಪಸ್ಸು ಇಟ್ಟಳು.

ಆರೂ ಡಬ್ಬಿಗಳು ಅರ್ಧ ಡಿಗ್ರಿಯೊಳಗೆ ಒಪ್ಪಿದವು. ಆಮೇಲೆ ಒಂದೊಂದು ಕಂಪನಿಯ ಹದಿನಾಲ್ಕು ಡಬ್ಬಿಗಳನ್ನು ಒಂದೊಂದು ಕ್ಯಾಂಪಸ್ಸಿಗೆ ಹಂಚಿದೆ. ಮೂರನ್ನೂ ಒಂದೇ ಕಟ್ಟಡದಲ್ಲಿ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ನಾನೂ ಹೇಳುತ್ತೇನೆ.

ಅಹಮದಾಬಾದಿನಲ್ಲಿ ಹಾಕಿದ್ದು ಎರಡೇ ವಾರದಲ್ಲಿ ಬ್ಯಾಟರಿ ಅರ್ಧ ತಿಂದುಹಾಕಿತು. ವಡೋದರಾಕ್ಕೆ ಹೋದದ್ದು ವಿದೇಶದ್ದು; ಅದರ ಪ್ರಮಾಣಪತ್ರಗಳೇ ಒಂದು ಫೈಲ್ ಆಗುವಷ್ಟಿದ್ದವು, ಆದರೆ ಅಲ್ಲಿಯ ಹಳೇ ಕಟ್ಟಡದ ದಪ್ಪ ಇಟ್ಟಿಗೆ ಗೋಡೆ ದಾಟಲಾರದೆ ಅದರ ಸಿಗ್ನಲ್ ದಿನಕ್ಕೆ ನಾಲ್ಕು ಸಲ ಸಾಯುತ್ತಿತ್ತು. ಸೂರತ್ತಿಗೆ ಹೋದದ್ದು ಮೂರನೆಯದು, ಬೆಂಗಳೂರಿನದು. ಊರಿನ ಅಭಿಮಾನದಿಂದ ಅದನ್ನೇ ಮೆಚ್ಚಿದೆ ಎಂದು ಗುಜರಾತಿ ಸಹೋದ್ಯೋಗಿಗಳು ಆಡಿಕೊಂಡರು. ಸುಳ್ಳು. ನಾನು ಮೆಚ್ಚಿದ್ದು ಗ್ರಾಫನ್ನು.

ಸೂರತ್ತಿನ ಹದಿನಾಲ್ಕು ಡಬ್ಬಿಗಳಿದ್ದದ್ದು ಹುಡುಗಿಯರ ಹಾಸ್ಟೆಲಿನ ಮೂರನೇ ಮಹಡಿಯ, ಒಬ್ಬೊಬ್ಬರೇ ಇರುವ ಹದಿನಾಲ್ಕು ಕೋಣೆಗಳಲ್ಲಿ. ಮೇಲೆ ಬರೀ ತಾರಸಿ. ರಾತ್ರಿ ಮಲಗಲಾಗುತ್ತಿಲ್ಲ, ಈ ಹುಡುಗಿಯರನ್ನು ಜುಲೈವರೆಗೆ ಖಾಲಿ ಬಿದ್ದಿರುವ ಅತಿಥಿಗೃಹಕ್ಕೆ ಕಳಿಸಿ ಎಂದು ವಾರ್ಡನ್ ಸುಮತಿಬೆನ್ ಎರಡು ಪತ್ರ ಬರೆದಿದ್ದರು. ಸೆನ್ಸರ್ ಪರೀಕ್ಷೆಯೂ ಆಗಲಿ, ದೂರಿನ ಸತ್ಯವೂ ತಿಳಿಯಲಿ ಎಂದು ಅಲ್ಲೇ ಹಾಕಿಸಿದ್ದೆ. ಮಧ್ಯಾಹ್ನ ಆ ಕೋಣೆಗಳು ಮೂವತ್ತೆಂಟು ಮೂವತ್ತೊಂಬತ್ತು ಡಿಗ್ರಿಗೆ ಏರುತ್ತಿದ್ದವು, ಸರಿ. ಆದರೆ ಸಂಜೆ ಐದೂ ನಲವತ್ತರ ಹೊತ್ತಿಗೆ ಗೆರೆ ಧಡಕ್ಕನೆ ಇಳಿದು ಇಪ್ಪತ್ತೊಂಬತ್ತಕ್ಕೆ ಬಂದು ನಿಲ್ಲುತ್ತಿತ್ತು. ರಾತ್ರಿಯಿಡೀ ಅಲ್ಲಾಡುತ್ತಿರಲಿಲ್ಲ. ಇಪ್ಪತ್ತೊಂಬತ್ತರಲ್ಲಿ ಫ್ಯಾನ್ ಹಾಕಿಕೊಂಡು ಮಲಗಲು ಯಾರಿಗೇನು ಕಷ್ಟ?

ಅಷ್ಟೇ ಅಲ್ಲ. ರಾತ್ರಿ ಹದಿನಾಲ್ಕೂ ಡಬ್ಬಿಗಳು ಒಂದಕ್ಕೊಂದು ಪಾಯಿಂಟ್ ಎರಡು ಡಿಗ್ರಿಯೊಳಗೆ ಒಪ್ಪುತ್ತಿದ್ದವು. ಎಂಥ ನಿಖರತೆ ಎಂದುಕೊಂಡೆ. ಸಂಜೆಯಾದ ಮೇಲೆ ಸಿಗ್ನಲ್ ಕೂಡ ಎರಡರಷ್ಟು ಬಲವಾಗುತ್ತಿತ್ತು. ಎಂಥ ರೇಡಿಯೋ ಎಂದುಕೊಂಡೆ. ಭಾನುವಾರಗಳಲ್ಲಂತೂ ಹಗಲಿಡೀ ಇಪ್ಪತ್ತೊಂಬತ್ತೇ. ರಜೆ, ಹುಡುಗಿಯರು ಹೊರಗೆ ಹೋಗುತ್ತಾರೆ, ಕೋಣೆ ತಣ್ಣಗಿರುತ್ತದೆ ಎಂದುಕೊಂಡೆ. ಒಂದೊಂದು ಅನುಮಾನಕ್ಕೂ ನನ್ನ ಹತ್ತಿರ ಒಂದೊಂದು ಉತ್ತರ ಸಿದ್ಧವಿತ್ತು, ಬುದ್ಧಿವಂತನಾಗಿರುವುದರ ಕಷ್ಟವೇ ಇದು.

ಐದೂ ನಲವತ್ತರ ಇಳಿತಕ್ಕೆ ನಾನು ಕಂಡುಹಿಡಿದ ಕಾರಣ ಸಮುದ್ರದ ಗಾಳಿ. ಡುಮಸ್ ಕಡಲತೀರದ ಕಡೆಯಿಂದ ಸಂಜೆ ಬೀಸುವ ಗಾಳಿ ಮೇಲಿನ ಮಹಡಿಗೆ ನೇರವಾಗಿ ಬಡಿದು ಕೋಣೆಗಳನ್ನು ತಣಿಸುತ್ತದೆ ಎಂದು ಬಾಣದ ಗುರುತು ಹಾಕಿ ಚಿತ್ರ ಸಮೇತ ಬರೆದೆ. ಮೇ ಹತ್ತೊಂಬತ್ತರ ಸೋಮವಾರ ಸಂಸ್ಥೆಯ ಸಮಿತಿಯ ಮುಂದೆ ಓದಿದೆ. ನಿರ್ದೇಶಕರು ತಲೆದೂಗಿದರು. ಬೆಂಗಳೂರು ಕಂಪನಿಯ ನಾನೂರು ಸೆನ್ಸರ್ ಕೊಳ್ಳುವುದೆಂದೂ, ಹುಡುಗಿಯರನ್ನು ಅತಿಥಿಗೃಹಕ್ಕೆ ಕಳಿಸುವ ಅಗತ್ಯವಿಲ್ಲವೆಂದೂ ಒಂದೇ ಬೈಠಕ್ಕಿನಲ್ಲಿ ತೀರ್ಮಾನವಾಯಿತು. ನಾನು ಆ ದಿನ ಮನೆಗೆ ಬರುತ್ತಾ ಖುಷಿಗೆ ಬಿಸಿ ಫಾಫ್ಡಾ ತಿಂಡಿ ಕಟ್ಟಿಸಿಕೊಂಡು ಬಂದೆ.

ಮರುದಿನ ವಿಂಧ್ಯಾಳ ಫೋನ್ ಬಂತು.

ವಿಂಧ್ಯಾ ನಮಗೆ ಗೊತ್ತಿರುವ ಹುಡುಗಿ. ಅವಳ ತಂದೆ ರಾಮಕೃಷ್ಣ ಹಾಸನದವರು, ವಡೋದರಾದಲ್ಲಿ ವಿಮೆ ಕಚೇರಿಯ ಅಧಿಕಾರಿ. ಕನ್ನಡ ಸಂಘದ ಯುಗಾದಿ ಊಟದಲ್ಲಿ ನನ್ನ ಪಕ್ಕದ ಎಲೆಯವರು. ಹುಡುಗಿ ಹುಟ್ಟಿದ್ದೇ ವಡೋದರಾದಲ್ಲಿ. ಚಿತ್ರಕಲೆ ಓದಬೇಕೆಂದು ಹಟ ಹಿಡಿದಿದ್ದವಳನ್ನು ಅಪ್ಪ ನಮ್ಮ ಸೂರತ್ ಕ್ಯಾಂಪಸ್ಸಿನ ಬಟ್ಟೆ ಪರೀಕ್ಷೆಯ ಎರಡು ವರ್ಷದ ಕೋರ್ಸಿಗೆ ಹಾಕಿದ್ದರು. ಮೊದಲ ವರ್ಷ ಹೊಟ್ಟೆನೋವು ಎಂದು ಎರಡು ಸಲ ಓಡಿಬಂದಿದ್ದಳಂತೆ. ಈಗ ಮೂರನೇ ಮಹಡಿಯಲ್ಲಿದ್ದಳು.

"ಅಂಕಲ್, ರೂಮಿನಲ್ಲಿ ರಾತ್ರಿ ಬಹುತ್ ಗರಂ ಆಗ್ತದೆ. ನಿದ್ದೆ ಬರೋದೇ ಇಲ್ಲ. ನಿನ್ನೆ ಲ್ಯಾಬಿನಲ್ಲಿ ಚಕ್ಕರ್ ಬಂದು ಬಿದ್ದೆ. ನೀವು ಒಂದ್ಸಲ ಹೇಳಿ ಅಲ್ವಾ, ನಮ್ಮನ್ನ ಶಿಫ್ಟ್ ಮಾಡ್ಲಿಕ್ಕೆ?"

ರಾತ್ರಿ ಎಂಟು ಗಂಟೆ. ನಾನು ಆಗ ತಾನೇ ಫೋನಿನಲ್ಲಿ ಅವಳ ಕೋಣೆಯನ್ನೇ ನೋಡಿದ್ದೆ. "ಮುನ್ನೂರ ಏಳು ತಾನೇ ನಿನ್ನ ರೂಮು? ಇಪ್ಪತ್ತೊಂಬತ್ತು ಪಾಯಿಂಟ್ ಎರಡು ಇದೆಯಮ್ಮ."

"ಇಲ್ಲ ಅಂಕಲ್. ಆ ಚಿಕ್ಕ ಡಬ್ಬಾ ರಾತ್ರಿ ನಮ್ಮ ರೂಮಿನಲ್ಲಿ ಇರೋದೇ ಇಲ್ಲ."

"ಇದೆ. ಈಗಷ್ಟೇ ಸಿಗ್ನಲ್ ಕಳಿಸಿದೆ, ನನ್ನ ಕಣ್ಣೆದುರಿಗೇ ಇದೆ."

"ನಾನು ರೂಮಿನಲ್ಲೇ ನಿಂತಿದ್ದೀನಿ ಅಂಕಲ್. ಇಲ್ಲಿ ಇಲ್ಲ."

ನಾನು ನಕ್ಕೆ. ಹುಡುಗಿಯರು ಅದನ್ನು ತೆಗೆದು ಎಲ್ಲಾದರೂ ಬೀರುವಿನಲ್ಲಿ ತುರುಕಿರಬೇಕು, ಇಲ್ಲವೇ ಅತಿಥಿಗೃಹದ ಆಸೆಗೆ ಕಥೆ ಕಟ್ಟುತ್ತಿರಬೇಕು ಎಂದುಕೊಂಡೆ. ಹಾಗೆ ತುರುಕಿದರೆ ಕಳೆದುಹೋದೀತು, ಜೋಪಾನ, ನೀರು ಹೆಚ್ಚು ಕುಡಿ, ಎಂದು ಬುದ್ಧಿ ಹೇಳಿ ಇಟ್ಟೆ.

ಅರ್ಧ ಗಂಟೆಯಲ್ಲಿ ರಾಮಕೃಷ್ಣರದೇ ಫೋನ್. ಮಗಳು ಮನೆಗೆ ಬರುತ್ತೇನೆ ಎನ್ನುತ್ತಿದ್ದಾಳೆ, ಪರೀಕ್ಷೆಗೆ ಇಲ್ಲಿಂದಲೇ ರೈಲಿನಲ್ಲಿ ಹೋಗಿಬರುತ್ತಾಳಂತೆ, ಒಮ್ಮೆ ಬಂದರೆ ತಿರುಗಿ ಹೋಗುವವಳಲ್ಲ. "ನೀವು ಎಂಜಿನಿಯರ್ರು, ನೀವು ಹೇಳಿ ವೆಂಕಟಾಚಲ. ಅಲ್ಲಿ ಅಷ್ಟೊಂದು ಸೆಕೆ ಇದೆಯೋ, ಇದು ಅವಳ ಹಳೇ ಆಟವೋ?"

ಇಂಥ ಪ್ರಶ್ನೆಗೆ ಬಾಯಿಂದ ಉತ್ತರ ಹೇಳಬಾರದು ಎಂಬುದು ನನ್ನ ಪದ್ಧತಿ. ಮುನ್ನೂರ ಏಳನೇ ಕೋಣೆಯ ಒಂದು ವಾರದ ರಾತ್ರಿಗಳ ಗ್ರಾಫನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ರಾಮಕೃಷ್ಣ ಅದನ್ನು ಮಗಳಿಗೆ ಕಳಿಸಿದರು. ಕೆಳಗೆ 'ಇನ್ನು ಸುಳ್ಳು ಸಾಕು' ಎಂದು ಒಂದು ಸಾಲು ಬರೆದರಂತೆ. ಅವರೇ ನನಗೆ ಹೇಳಿದರು, ಸ್ವಲ್ಪ ಹೆಮ್ಮೆಯಿಂದಲೇ. ಅವತ್ತಿನಿಂದ ಹುಡುಗಿ ಅಪ್ಪನ ಫೋನೂ ಎತ್ತಲಿಲ್ಲ, ನನ್ನದೂ ಎತ್ತಲಿಲ್ಲ.

ಎತ್ತಲಿಲ್ಲ ಎಂಬುದು ನನ್ನನ್ನು ಕೊರೆಯಲು ಶುರುಮಾಡಿತು. ಸುಳ್ಳು ಹೇಳಿ ಸಿಕ್ಕಿಬಿದ್ದವರು ಜಗಳ ಆಡುತ್ತಾರೆ, ಇಲ್ಲ ಅಳುತ್ತಾರೆ. ಹೀಗೆ ಸುಮ್ಮನಾಗಿಬಿಡುವುದಿಲ್ಲ. ಆಫೀಸಿನಲ್ಲಿ ಫೈಲ್ ಬಿಚ್ಚಿದರೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಎದ್ದು ನೀರು ಕುಡಿಯುವುದು, ಕೂರುವುದು, ಮುನ್ನೂರ ಏಳನ್ನು ನೋಡುವುದು, ಮತ್ತೆ ಏಳುವುದು. ಸಂಜೆ ಐದೂವರೆಯಿಂದ ಆರರವರೆಗೆ ಫೋನ್ ಕೆಳಗಿಡಲು ಆಗುತ್ತಲೇ ಇರಲಿಲ್ಲ. ಗೆರೆ ಇಳಿಯಲಿ ಎಂದು ಕಾಯುತ್ತಿದ್ದೆ, ಇಳಿದರೆ ಸಮಾಧಾನವಾಗುತ್ತಿರಲಿಲ್ಲ.

ಶುಕ್ರವಾರ ಊಟದ ಹೊತ್ತಿಗೆ ವೈದೇಹಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಎಸೆಯುತ್ತಾಳೆ ಎಂದುಕೊಂಡೆ. ಎಸೆಯಲಿಲ್ಲ, ಗ್ರಾಫನ್ನು ಹಿಂದೆ ಹಿಂದೆ ಸರಿಸುತ್ತಾ ನೋಡತೊಡಗಿದಳು. ಲೆಕ್ಕದ ಪುಸ್ತಕದಲ್ಲಿ ಹುಡುಗರ ತಪ್ಪು ಹುಡುಕುವಾಗ ಅವಳ ಹುಬ್ಬು ಹೇಗೆ ಗಂಟಾಗುತ್ತದೋ ಹಾಗೇ ಆಯಿತು.

"ದಿನಾ ಐದೂ ಮೂವತ್ತೈದರಿಂದ ಐದೂ ಐವತ್ತರೊಳಗೆ ಇಳಿಯುತ್ತೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಏರುತ್ತೆ. ಭಾನುವಾರ ಏರೋದೇ ಇಲ್ಲ."

"ಹೇಳಿದ್ನಲ್ಲ, ಸಮುದ್ರದ ಗಾಳಿ."

"ಅಲ್ಲಾರೀ, ಸಮುದ್ರದ ಗಾಳಿಗೂ ಆಫೀಸ್ ಟೈಮ್ ಇದೆಯಾ?"

ನನಗೆ ಸಿಟ್ಟು ನೆತ್ತಿಗೇರಿತು. ನಿನಗೆ ಹವಾಮಾನ ಗೊತ್ತಿಲ್ಲ, ನಿನ್ನ ಶಾಲೆಯ ಲೆಕ್ಕವಲ್ಲ ಇದು, ಎಂದೇನೇನೋ ಅಂದೆ. ಅವಳು ಫೋನನ್ನು ತಟ್ಟೆಯ ಪಕ್ಕ ಇಟ್ಟು, "ಆ ಹುಡುಗಿ ಡಬ್ಬಿ ಇಲ್ಲ ಅಂದ್ಲಲ್ಲ. ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ನಷ್ಟ ಏನು?" ಎಂದಳು. ನಾನು ಅನ್ನ ಬಿಟ್ಟು ಎದ್ದೆ. ಎದ್ದವನು ನೇರವಾಗಿ ರೈಲಿನ ಟಿಕೆಟ್ ನೋಡಿದೆ ಎಂಬುದನ್ನು ಅವಳಿಗೆ ತಕ್ಷಣ ಹೇಳಲಿಲ್ಲ.

ಶನಿವಾರ ಸೂರತ್ ಕ್ಯಾಂಪಸ್ಸಿಗೆ ಕೆಲಸದ ದಿನ. ಯಾರಿಗೂ ತಿಳಿಸದೆ ಹೊರಟೆ. ರೈಲು ವಡೋದರಾದಲ್ಲಿ ನಿಂತಾಗ ಇಳಿದು ರಾಮಕೃಷ್ಣರ ಮನೆಗೆ ಹೋಗಿ ಮಾತಾಡಿಬಿಡಲೇ ಎನ್ನಿಸಿತು. ಮಾತಾಡುವುದಕ್ಕೆ ಏನಿದೆ ಎಂದು ಗೊತ್ತಿರಲಿಲ್ಲ. ಬಾಗಿಲವರೆಗೆ ಹೋಗಿ ವಾಪಸ್ಸು ಬಂದು ಕೂತೆ. ಸೂರತ್ ಸ್ಟೇಷನ್ನಿನಿಂದ ಆಟೋದಲ್ಲಿ ಕ್ಯಾಂಪಸ್ ಮುಟ್ಟುವ ಹೊತ್ತಿಗೆ ಐದೂ ಇಪ್ಪತ್ತು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು. ಎಲ್ಲೂ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಹಾಸ್ಟೆಲಿನ ಮೆಟ್ಟಿಲ ಮೇಲೆ ಸಿದ್ದಲಿಂಗಪ್ಪ ಇಳಿದು ಬರುತ್ತಿದ್ದರು. ಅವರು ಗದಗ ಕಡೆಯವರು. ಎಷ್ಟೋ ವರ್ಷದ ಹಿಂದೆ ಸೂರತ್ತಿಗೆ ಮಗ್ಗದ ಕೆಲಸಕ್ಕೆಂದು ಬಂದು, ಈಗ ನಮ್ಮ ಕ್ಯಾಂಪಸ್ಸಿನ ಕೇರ್‌ಟೇಕರ್. ಹೆಗಲಿಗೆ ಒಂದು ಬಟ್ಟೆಯ ಚೀಲ, ಕೈಯಲ್ಲಿ ಪೆನ್ಸಿಲ್ಲು, ಒಂದು ಪಟ್ಟಿ. ಹಿಂದೆ ಹಾಸ್ಟೆಲಿನ ಆಯಾ.

"ಸರ, ನಮಸ್ಕಾರ್ರಿ. ಹೇಳದ ಕೇಳದ ಬಂದ್ರಿ. ನೋಡ್ರಿ, ಛಲೋ ಹೊತ್ತಿಗೇ ಬಂದೀರಿ. ಹದಿನಾಲ್ಕೂ ಅದಾವ, ಎಣಿಸಿಕೊಳ್ರಿ."

ಚೀಲದ ಬಾಯಿ ಬಿಡಿಸಿ ತೋರಿಸಿದರು. ಹಳೇ ಪಂಚೆಯ ತುಂಡುಗಳಲ್ಲಿ ಒಂದೊಂದಾಗಿ ಸುತ್ತಿದ ಬಿಳಿ ಡಬ್ಬಿಗಳು. ನನಗೆ ಆ ಕ್ಷಣಕ್ಕೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಥವಾಯಿತು, ಆದರೆ ಅರ್ಥವಾಗದೆ ಇರಲಿ ಎಂದು ಇನ್ನೊಂದು ಪ್ರಶ್ನೆ ಕೇಳಿದೆ.

"ಇವನ್ನೆಲ್ಲಿಗೆ ತಗೊಂಡು ಹೋಗ್ತಿದ್ದೀರಿ ಸಿದ್ದಲಿಂಗಪ್ಪನವರೇ?"

"ಸ್ಟೋರಿಗ್ರಿ. ದಿನಾ ಸಂಜೀಕ ಐದೂವರಿಗೆ ಎಲ್ಲಾ ಇಳಿಸಿ, ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ತೀನ್ರಿ. ಮುಂಜಾನೆ ಒಂಬತ್ತಕ್ಕ ಮತ್ತ ಆಯಾನ್ನ ಕರಕೊಂಡು ಹೋಗಿ ತಗಲ ಹಾಕ್ತೀನಿ. ಐತವಾರ ನನಗ ಸೂಟಿರಿ, ಅವತ್ತ ಕಪಾಟ ತಗ್ಯಾಂಗಿಲ್ಲ. ಇವತ್ತಿಗೆ ಇಪ್ಪತ್ತು ದಿನಾ ಆತು, ಒಂದೂ ಕಳದಿಲ್ಲ ನೋಡ್ರಿ."

ಸ್ಟೋರ್ ಇರುವುದು ನೆಲಮಹಡಿಯಲ್ಲಿ, ಬಿಸಿಲೇ ಬೀಳದ ಉತ್ತರದ ಮೂಲೆಯಲ್ಲಿ. ಗೇಟ್‌ವೇ ಪೆಟ್ಟಿಗೆ ಇರುವುದೂ ಅದೇ ಕೋಣೆಯ ಕಿಟಕಿಯ ಮೇಲೆ. ಹದಿನಾಲ್ಕೂ ಡಬ್ಬಿ ಒಂದೇ ಮರದ ಕಪಾಟಿನಲ್ಲಿ ಕೂತು ಒಂದೇ ಸಂಖ್ಯೆ ಹೇಳುತ್ತಿದ್ದವು. ಮಾರು ದೂರದಲ್ಲಿ ಗೇಟ್‌ವೇ ಇದ್ದರೆ ಸಿಗ್ನಲ್ ಬಲವಾಗದೆ ಇನ್ನೇನಾದೀತು. ನನ್ನ ನಿಖರತೆ, ನನ್ನ ರೇಡಿಯೋ, ನನ್ನ ಡುಮಸ್ಸಿನ ಗಾಳಿ ಎಲ್ಲವೂ ಆ ಕಪಾಟಿನಲ್ಲಿತ್ತು.

"ಕಪಾಟಿನಲ್ಲಿ ಇಡಿ ಅಂತ ಯಾರು ಹೇಳಿದ್ರು ನಿಮಗೆ?" ಧ್ವನಿ ಏರಿತ್ತು.

ಸಿದ್ದಲಿಂಗಪ್ಪನವರ ಮುಖ ಸಣ್ಣದಾಯಿತು. ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಕಾಗದ ತೆಗೆದರು. "ನೀವ ಬರದ ಕೊಟ್ಟೀರಿ ಅಲ್ರಿ ಸರ."

ನನ್ನದೇ ಪತ್ರ. ನಮ್ಮಲ್ಲಿ ಯಾವ ವಸ್ತು ಕೊಟ್ಟರೂ ಜೊತೆಗೆ ಹೊಣೆಯ ಪತ್ರ ಕೊಡಬೇಕು, ಪಡೆದವರು ರುಜು ಹಾಕಬೇಕು. ನಾನು ತರಬೇತಿಗೆ ಬಂದವರಿಗೆ ಲ್ಯಾಪ್‌ಟಾಪ್ ಕೊಡುವಾಗ ಬಳಸುವ ಹಳೇ ಪತ್ರವನ್ನೇ ತೆಗೆದು, ಲ್ಯಾಪ್‌ಟಾಪ್ ಎಂದಿದ್ದ ಕಡೆ ಸೆನ್ಸರ್ ಎಂದು ಬದಲಾಯಿಸಿ ಕಳಿಸಿದ್ದೆ. ಮೂರನೆಯ ಕಲಂ: ಕಚೇರಿ ವೇಳೆ ಮುಗಿದ ನಂತರ ಸದರಿ ಉಪಕರಣಗಳನ್ನು ಬೀಗದಲ್ಲಿ ಇಡತಕ್ಕದ್ದು, ಕಳೆದಲ್ಲಿ ಪಡೆದವರೇ ವೈಯಕ್ತಿಕವಾಗಿ ಹೊಣೆ. ಕೆಳಗೆ ನನ್ನ ರುಜು, ಮೊಹರು. ಉಳಿದ ಎರಡು ಕ್ಯಾಂಪಸ್ಸಿನವರು ಅದನ್ನು ಓದದೆ ರುಜು ಹಾಕಿ ಡ್ರಾಯರಿಗೆ ಎಸೆದಿದ್ದರು. ಓದಿದವರು ಇವರೊಬ್ಬರೇ.

"ನಿಮ್ಮ ತಪ್ಪಲ್ಲ, ನನ್ನದು" ಎಂದೆ. ಅವರು ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಅವರನ್ನು ನಾನು ಹೊಗಳಬೇಕಿತ್ತು. ಇಪ್ಪತ್ತು ದಿನ ಮೂರು ಮಹಡಿ ಹತ್ತಿ ಇಳಿದವರಿಗೆ ಒಂದು ಒಳ್ಳೇ ಮಾತು ಹೇಳುವ ಬದಲು ರೇಗಿದ್ದೆ. ಆ ನಾಚಿಕೆ ಬೇರೆ.

ಈಗಲೇ ಎಲ್ಲವನ್ನೂ ವಾಪಸ್ಸು ತೂಗುಹಾಕಿಸಿ ಎಂದು ವಾರ್ಡನ್ ಸುಮತಿಬೆನ್ ಹತ್ತಿರ ಹೋದೆ. ಆರು ಗಂಟೆಯ ನಂತರ ಗಂಡಸರು ಮೇಲೆ ಹೋಗುವಂತಿಲ್ಲ, ಗಂಟೆ ಆಗಲೇ ಆರು. ಹುಡುಗಿಯರನ್ನೇ ಕೆಳಗೆ ಕರೆಯುತ್ತೇನೆ, ಅವರವರ ಡಬ್ಬಿ ಅವರೇ ಒಯ್ಯಲಿ ಎಂದರು ಅವರು. ಹಿಂದಿಯಲ್ಲಿ ಮೆತ್ತಗೆ ಇನ್ನೊಂದು ಮಾತನ್ನೂ ಸೇರಿಸಿದರು: ಎರಡು ಪತ್ರ ಬರೆದೆ ಸಾಹೇಬ್, ನೀವು ಒಂದು ಸಲ ಫೋನ್ ಮಾಡಿದ್ದರೆ ನಾನೇ ಹೇಳುತ್ತಿದ್ದೆ.

ಆಗಷ್ಟೇ ಲ್ಯಾಬ್ ಬಿಟ್ಟು ಬಂದಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಇಳಿದು ಬಂದರು. ಅಷ್ಟು ಹೊತ್ತು ಸ್ಟೋರಿನ ತಂಪಿನಲ್ಲಿದ್ದ ಡಬ್ಬಿಗಳನ್ನು ಸಿದ್ದಲಿಂಗಪ್ಪ ಪಟ್ಟಿ ನೋಡಿ ಕೊಟ್ಟರು. ವಿಂಧ್ಯಾ ಕೊನೆಯಲ್ಲಿ ಬಂದಳು. ಯುಗಾದಿಯಲ್ಲಿ ನೋಡಿದ್ದಕ್ಕಿಂತ ಅರ್ಧವಾಗಿದ್ದಳು. ಕಣ್ಣಿನ ಸುತ್ತ ಕಪ್ಪು, ತುಟಿ ಒಡೆದಿತ್ತು. ನನ್ನನ್ನು ನೋಡಿ ಅವಳಿಗೆ ಆಶ್ಚರ್ಯವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ.

"ನೀನು ಹೇಳಿದ್ದು ನಿಜ ಕಣಮ್ಮ. ಡಬ್ಬಿ ಕೆಳಗಿರುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ. ತಪ್ಪಾಯ್ತು."

"ಇದನ್ನ ಮೇಲೆ ಹಾಕಬೇಕಾ?" ಎಂದಷ್ಟೇ ಕೇಳಿದಳು. ಹೌದೆಂದೆ. ತೆಗೆದುಕೊಂಡು ಹೋದಳು.

ಅತಿಥಿಗೃಹದ ವರಾಂಡದಲ್ಲಿ ಕೂತು ಫೋನ್ ನೋಡಿದೆ. ಮುನ್ನೂರ ಏಳು ಆರೂ ನಲವತ್ತಕ್ಕೆ ಮೂವತ್ತೆರಡು. ಏರುತ್ತಿತ್ತು. ಒಂದು ನಾಚಿಕೆಯ ಸಂಗತಿ ಹೇಳಿಬಿಡುತ್ತೇನೆ. ಆಗಲೂ ನನ್ನೊಳಗೆ ಎಲ್ಲೋ ಒಂದು ಮೂಲೆ, ಇದು ಮೂವತ್ತೆರಡರಲ್ಲೇ ನಿಲ್ಲಲಿ, ಹುಡುಗಿ ಸ್ವಲ್ಪವಾದರೂ ಉಬ್ಬಿಸಿ ಹೇಳಿರಲಿ ಎಂದು ಬಯಸುತ್ತಿತ್ತು. ನಿಲ್ಲಲಿಲ್ಲ. ಏಳಕ್ಕೆ ಮೂವತ್ತೈದು. ಎಂಟಕ್ಕೆ ಮೂವತ್ತೇಳು. ಸೂರ್ಯ ಮುಳುಗಿದ ಮೇಲೆ ತಾರಸಿ ದಿನವಿಡೀ ಕುಡಿದ ಬಿಸಿಯನ್ನು ಕೆಳಗಿನ ಮಂಚಗಳ ಮೇಲೆ ಸುರಿಯುತ್ತಿತ್ತು. ಹೊರಗಿಗಿಂತ ಒಳಗೇ ಹೆಚ್ಚು. ಎಂಟು ಗಂಟೆಗೆ, ಅವಳು ಫೋನ್ ಮಾಡಿದ್ದ ಅದೇ ಹೊತ್ತಿಗೆ, ನಾನು ಅವಳಿಗೆ ನೀರು ಕುಡಿ ಎಂದಿದ್ದೆ.

ಊಟಕ್ಕೆ ಮೊದಲು ನಿರ್ದೇಶಕರಿಗೂ ಸಮಿತಿಗೂ ಮೇಲ್ ಬರೆದೆ. ಗಾಳಿ ಸುಳ್ಳು, ಪತ್ರ ನನ್ನದು, ಕೇರ್‌ಟೇಕರ್ ಹೇಳಿದ್ದನ್ನೇ ಮಾಡಿದ್ದಾರೆ, ಹುಡುಗಿಯರನ್ನು ನಾಳೆಯೇ ಸ್ಥಳಾಂತರಿಸಬೇಕು. ಸುಮತಿಬೆನ್ ಉತ್ತರಕ್ಕೆ ಕಾಯುವ ಹೆಂಗಸಲ್ಲ. ಅಷ್ಟರಲ್ಲೇ ಅತಿಥಿಗೃಹದ ಬೀಗ ತೆಗೆಸಿ ಹಾಸಿಗೆ ಹೊರಿಸುತ್ತಿದ್ದರು. ಹದಿಮೂರು ಹುಡುಗಿಯರು ಬಂದರು. ವಿಂಧ್ಯಾ ಬರಲಿಲ್ಲ. ಅವಳು ಮೇಲೆಯೇ ಬ್ಯಾಗ್ ತುಂಬುತ್ತಿದ್ದಾಳೆ, ಬೆಳಿಗ್ಗೆ ಮನೆಗೆ ಹೋಗುತ್ತಾಳಂತೆ, ಮುಂದಿನದು ಗೊತ್ತಿಲ್ಲವಂತೆ ಎಂದು ಆಯಾ ಹೇಳಿದಳು.

ಬೆಳಿಗ್ಗೆ ಗೇಟಿನ ಹತ್ತಿರ ಕಾದು ನಿಂತೆ. ಮುನ್ನೂರ ಏಳರ ಗೆರೆ ಬೆಳಗಿನ ಜಾವಕ್ಕೂ ಮೂವತ್ತನಾಲ್ಕರ ಕೆಳಗೆ ಇಳಿದಿರಲಿಲ್ಲ.

"ನಾನೂ ವಡೋದರಾ ಮೇಲೇ ಹೋಗಬೇಕು. ನಿಮ್ಮಪ್ಪನಿಗೆ ನಾನೇ ಹೇಳ್ತೀನಿ" ಎಂದೆ.

"ಫೋನಿನಲ್ಲಿ ಹೇಳಬಹುದಲ್ಲ ಅಂಕಲ್."

"ಫೋನಿನಲ್ಲಿ ಹೇಳಿಯೇ ಇಷ್ಟಾದದ್ದು."

ಅವಳು ಬೇಡ ಎನ್ನಲಿಲ್ಲ. ಎಸಿ ಬೋಗಿಯಲ್ಲಿ ಕಿಟಕಿಗೆ ತಲೆಯಿಟ್ಟವಳು ಸೂರತ್ ಸ್ಟೇಷನ್ ದಾಟುವ ಮೊದಲೇ ನಿದ್ದೆ ಹೋದಳು. ಟಿಕೆಟ್ ನೋಡುವವನು ಬಂದಾಗ ಎಬ್ಬಿಸಬೇಡಿ ಎಂದು ಸನ್ನೆ ಮಾಡಿದೆ. ಭರೂಚಿನಲ್ಲಿ ಕಡಲೆಕಾಯಿಯವನು ಕಿವಿಯ ಹತ್ತಿರವೇ ಕೂಗಿದರೂ ಅವಳಿಗೆ ಎಚ್ಚರವಾಗಲಿಲ್ಲ. ಎಷ್ಟು ರಾತ್ರಿಗಳ ನಿದ್ದೆಯೋ. ನಾನು ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ, ಬಂದು ಕೂತೆ, ಮತ್ತೆ ಎದ್ದೆ.

ಭಾನುವಾರವಾದ್ದರಿಂದ ರಾಮಕೃಷ್ಣ ಮನೆಯಲ್ಲೇ ಇದ್ದರು. ಬಾಗಿಲು ತೆಗೆದವರ ಮುಖ ಮಗಳನ್ನು ಕಂಡು ಬಿಗಿಯಾಯಿತು, ಹಿಂದೆ ನನ್ನನ್ನು ಕಂಡು ಗೊಂದಲಕ್ಕೆ ಬಿತ್ತು. ಅವರ ಹೆಂಡತಿ ಕಮಲಾಕ್ಷಿ ಒಳಗಿನಿಂದ ಬಂದು ಮಗಳ ಬ್ಯಾಗ್ ತೆಗೆದುಕೊಂಡರು. ನಾನು ಕೂರದೆಯೇ ಎಲ್ಲ ಹೇಳಿದೆ. ಚೀಲ, ಕಪಾಟು, ನನ್ನ ಪತ್ರ, ನಾನು ಕಳಿಸಿದ ಸ್ಕ್ರೀನ್‌ಶಾಟ್. ಯಾವುದನ್ನೂ ಸಣ್ಣದು ಮಾಡಿ ಹೇಳಲಿಲ್ಲ.

ರಾಮಕೃಷ್ಣ ಕೇಳಿದ ಮೊದಲ ಪ್ರಶ್ನೆ: "ಹಾಗಾದ್ರೆ ನಿಜವಾಗ್ಲೂ ಎಷ್ಟಿತ್ತು?"

"ರಾತ್ರಿ ಎಂಟಕ್ಕೆ ಮೂವತ್ತೇಳು. ಬೆಳಗಿನ ಜಾವ ಮೂವತ್ತನಾಲ್ಕು."

ತೋರಿಸಿ ಎಂದರು. ತೋರಿಸಿದೆ. ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ಹಿಡಿದು ಗೆರೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದರು. ಅವರ ಕಣ್ಣು ತುಂಬಿತು.

"ನೀನು ಹೇಳಿದ್ದು ನಿಜಾನೇ ಕಣಮ್ಮ" ಎಂದರು.

ವಿಂಧ್ಯಾ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. "ನಾನು ಹೇಳಿ ಎಷ್ಟು ದಿನ ಆಯ್ತು ಅಪ್ಪಾ? ಅಂಕಲ್ ಫೋನಿನಲ್ಲಿ ಗ್ರಾಫ್ ಬಂದ ಮೇಲೆ ನಿಜ ಆಯ್ತಾ?"

"ಹಾಗಲ್ಲಮ್ಮ..."

"ನನಗೆ ಅವತ್ತೇ ಅನ್ನಿಸಿತ್ತು, ಮಗು ಸುಳ್ಳು ಹೇಳ್ತಿಲ್ಲ ಅಂತ" ಎಂದರು ಕಮಲಾಕ್ಷಿ.

"ನೀನು ಹೇಳ್ಲಿಲ್ವಲ್ಲ ಅಮ್ಮ."

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನಗೆ ಗೊತ್ತಿಲ್ಲ. ಇನ್ನು ಮುಂದೆ ಹೀಗಾಗುವುದಿಲ್ಲ, ಡಬ್ಬಿಗಳನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯುತ್ತೇವೆ, ಪ್ರತಿ ಕೋಣೆಯಲ್ಲೂ ಹಗಲೂ ರಾತ್ರಿ ಇರುತ್ತವೆ, ಅತಿಥಿಗೃಹ ಸಿದ್ಧವಾಗಿದೆ, ಪರೀಕ್ಷೆಗೆ ಇನ್ನೂ ಮೂರು ವಾರವಿದೆ, ನಾಳೆ ನಾಡಿದ್ದರಲ್ಲಿ ನಿಶ್ಚಿಂತೆಯಿಂದ ಬಾ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ನಾನು ಅವಳ ಮಾತನ್ನು ಅಷ್ಟು ಪೂರ್ತಿಯಾಗಿ ಎಂದೂ ಕೇಳಿಸಿಕೊಂಡಿರಲಿಲ್ಲ.

"ಅಂಕಲ್, ಮತ್ತೆ ಆ ಡಬ್ಬಾ ಒಂದು ಹೇಳಿ, ನಾನು ಇನ್ನೊಂದು ಹೇಳಿದ್ರೆ ನೀವು ಯಾರನ್ನ ನಂಬ್ತೀರಿ?"

"ನಿನ್ನನ್ನೇ ಅಮ್ಮ" ಎಂದೆ.

ಅವಳು ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು. ನಂಬಲಿಲ್ಲ. ನಂಬಿಸೋಣವೆಂದರೆ, ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.